ಸಫಾರಿ: ದಾರಿ ತೋರಿಸಿದವರ ಕಥಿ



ಈಗೀಗ ನಮ್ಮ ಬಳಗದಾಗೂ ಆಫ್ರಿಕಾಕ್ಕ ಸಫಾರಿಗೆ ಹೋಗಿ ಬರೋವರು ಆಗ್ಯಾರ. ಮೊದಲ ಕಾಶಿ, ಆಮ್ಯಾಲೆ ಸಿಂಗಾಪೂರ, ಈಗ ಕೀನ್ಯಾ. ಗ್ರೂಪಿನ್ಯಾಗ ಸಿಂಹದ ಫೋಟೋ ಬರ್ತಾವ, ಆನಿ ಹಿಂಡಿನ ವಿಡಿಯೋ ಬರ್ತಾವ. ಆದ್ರ ‘ಅಲ್ಲೆ ನೋಡ್ರಿ, ಗಿಡದ ಕೆಳಗ’ ಅಂತ ಬೆರಳು ಮಾಡಿ ತೋರಸ್ತಾನಲ್ಲಾ, ಆ ಗೈಡು ಒಂದ ಫೋಟೋದಾಗೂ ಇರೂದಿಲ್ಲ. ಇದೇನು ನಮ್ಮವರ ತಪ್ಪಲ್ಲ. ಸಫಾರಿಯ ಇತಿಹಾಸ ಓದಕೋತ ಹೋದ್ರ ಮೊದಲಿಂದ ಹಿಂಗ ಆಗಕೋತ ಬಂದದ. ದಾರಿ ತೋರಿಸಿದವರು, ಹೊರಿ ಹೊತ್ತವರು, ಆ ನೆಲದಾಗ ದನಾ ಮೇಯಿಸಿ ಬಾಳೇ ಮಾಡಿದವರು, ಎಲ್ಲಾರೂ ಚಿತ್ರದ ಹೊರಗ ಉಳದಾರ. ಇವತ್ತು ಅವರ ಕಥಿ ಹೇಳ್ತೀನಿ.

ಸಫಾರಿ ಅನ್ನೋದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಶಬ್ದ. ಅದರ ಮೂಲ ಅರಬ್ಬಿಯ ‘ಸಫರ್’. ಹಿಂದಿ ಸಿನೇಮಾ ಹಾಡಿನ್ಯಾಗ ಕೇಳ್ತೀವಲ್ಲಾ, ಅದ ಸಫರ್. ಅರ್ಥ ಪ್ರಯಾಣ, ಅಷ್ಟ. ಅದರಾಗ ಸಿಂಹಾನೂ ಇಲ್ಲ, ಜೀಪೂ ಇಲ್ಲ. ಇವತ್ತಿಗೂ ಅಲ್ಲೆ ಯಾರರ ಊರಿಗೆ ಹೊಂಟ್ರ ‘ಸಫಾರಿ ನ್ಜೆಮಾ’ ಅಂತಾರ, ಪ್ರಯಾಣ ಸುಖಾ ಆಗ್ಲಿ ಅಂತ. ಎಂಬತ್ತರ ದಶಕದಾಗ ನಮ್ಮ ಗಂಡಸರು ಮದವಿ ಮುಂಜವಿಗೆ ಅಂತ ಹೊಲಿಸಿಗೋತಿದ್ದ ಸಫಾರಿ ಸೂಟಿನ ಹೆಸರೂ ಅಲ್ಲಿಂದನ ಬಂದದ್ದು. ಬ್ಯಾಟಿಗೆ ಹೋಗೋ ಬಿಳೇ ಮಂದಿ ಹಾಕ್ಕೋತಿದ್ದ ಕಿಸೆ ಕಿಸೆದ ಖಾಕಿ ಅಂಗಿಯ ಮರಿಮಗಾ ಅದು.

ಪ್ರವಾಸಿಗಳು ಬರೂಕಿಂತ ಮೊದಲ ಸಫಾರಿ ಅಂದ್ರ ವ್ಯಾಪಾರದ ಪ್ರಯಾಣ. 19ನೇ ಶತಮಾನದಾಗ ಹಿಂದೂ ಮಹಾಸಾಗರದ ದಂಡಿ ಮ್ಯಾಲಿನ ಬಾಗಾಮೊಯೋ, ಮೊಂಬಾಸಾದಂಥಾ ಊರುಗಳಿಂದ ನೂರಾರು ಜನ ಸಾಲುಗಟ್ಟಿ ಒಳನಾಡಿಗೆ ನಡಕೋತ ಹೋಗ್ತಿದ್ರು. ಎತ್ತು, ಕುದರಿ ಆ ದಾರ್‍ಯಾಗ ಉಳೀತಿದ್ದಿಲ್ಲ. ತ್ಸೆತ್ಸೆ ಅನ್ನೋ ಒಂದು ನೊಣ ಕಡದ್ರ ರೋಗ ಬಂದು ಸಾಯ್ತಿದ್ವು. ಅದಕ್ಕ ಎಲ್ಲಾ ಸಾಮಾನು ಮನಷ್ಯಾರ ತಲಿ ಮ್ಯಾಲೆ, ಹೆಗಲ ಮ್ಯಾಲೆ. ಒಬ್ಬೊಬ್ಬರ ಹೊರಿ ಹೆಚ್ಚು ಕಡಿಮಿ 30 ಕಿಲೋ. ಅಂದ್ರ ಒಂದು ದೊಡ್ಡ ಅಕ್ಕಿ ಚೀಲಾ ಹೊತ್ತು ತಿಂಗಳಾನಗಟ್ಟಲೆ ನಡಿಯೂದು. ನ್ಯಾಮ್ವೇಝಿ ಅನ್ನೋ ಜನ ಈ ಕೆಲಸದಾಗ ಹೆಸರಾದವರು. ಅವರ ಜೋಡಿ ಹೆಣ್ಮಕ್ಕಳೂ ಹೋಗ್ತಿದ್ರು. ಕೆಲವರು ಅಡಗಿ ಮಾಡ್ಕೋತ, ಕೆಲವರು ಬೆನ್ನಿಗೆ ಕೂಸು ಕಟ್ಟಿಗೊಂಡು ತಲಿ ಮ್ಯಾಲೆ ಹೊರಿ ಇಟಗೊಂಡು.

ಏನು ಹೊರತಿದ್ರು? ಹೋಗೂ ಮುಂದ ಬಟ್ಟಿ, ಹಿತ್ತಾಳಿ ತಂತಿ, ಗಾಜಿನ ಮಣಿ. ಮಣಿ ವ್ಯಾಪಾರದ ಮಾತು ಕೇಳಿದ್ರ ನಿಮಗ ನಗು ಬರ್ತದ. ಒಂದೊಂದು ಸೀಮಿ ಹೆಣ್ಮಕ್ಕಳು ಒಂದೊಂದ ಬಣ್ಣ ಕೇಳ್ತಿದ್ರು. ಈ ವರ್ಷ ಕೆಂಪು ನಡೀತಿದ್ರ ಮುಂದಿನ ವರ್ಷ ಅದನ್ನ ಯಾರೂ ಮೂಸಿ ನೋಡ್ತಿದ್ದಿಲ್ಲ. ತಪ್ಪು ಬಣ್ಣದ ಮಣಿ ಹೊತ್ತುಕೊಂಡು ಹೋದ ವ್ಯಾಪಾರಿ ಕಾಳು ಕಡಿ ಸಿಗಲಾರದ ಉಪಾಸ ಬೀಳೂ ಹಂಗ ಆಗ್ತಿತ್ತು. ಅಂದ್ರ ಕಾಡಿನ ನಡುವಿನ ಹೆಣ್ಮಕ್ಕಳ ಮನಸಿನ ಮ್ಯಾಲೆ ಯುರೋಪಿನ ಗಾಜಿನ ಕಾರಖಾನಿ ನಡೀತಿತ್ತು ಅಂದ್ರೂ ನಡೀತದ.

ತಿರಗಿ ಬರೂ ಮುಂದ ಹೊರತಿದ್ದದ್ದು ಆನಿದಂತ. ಇಲ್ಲೆ ನಮ್ಮ ದೇಶದ ಕೈ ಅದ. ಜಂಜೀಬಾರದಾಗ ಕುಳಿತು ಈ ವ್ಯಾಪಾರಕ್ಕ ಸಾಲಾ ಕೊಡತಿದ್ದವರೊಳಗ ಕಚ್ಛ, ಗುಜರಾತದ ಸಾಹುಕಾರರು ದೊಡ್ಡವರು. ಜೈರಾಮ ಶಿವಜಿ ಅನ್ನೋ ಕಚ್ಛಿ ಸಾಹುಕಾರ ಅಲ್ಲಿನ ಸುಂಕ ವಸೂಲಿ ಗುತ್ತಿಗೆನ ಹಿಡದಿದ್ದಾ. ಆ ದಂತ ಬಿಲಿಯರ್ಡ್ಸ್ ಚೆಂಡು, ಪಿಯಾನೋ ಮಣಿ ಆಗಿ ಯುರೋಪು, ಅಮೇರಿಕಾಕ್ಕ ಹೋತು. ಭಾಳಷ್ಟು ನಮ್ಮ ಕಡೆನೂ ಬಂತು, ಯಾಕಂದ್ರ ಗುಜರಾತ, ರಾಜಸ್ಥಾನ, ಪಂಜಾಬದ ಮದಲಗಿತ್ತಿಗೆ ದಂತದ ಬಳಿ ಬೇಕು. ಅಲ್ಲಿ ಹೆಣ್ಮಕ್ಕಳಿಗೆ ಮಣಿ, ಇಲ್ಲಿ ಹೆಣ್ಮಕ್ಕಳಿಗೆ ಬಳಿ. ನಡುವ ಸತ್ತದ್ದು ಆನಿ, ಸವದದ್ದು ಹೊರಿ ಹೊತ್ತವರ ಹೆಗಲು. ಅದ ದಾರ್‍ಯಾಗ ಮನಷ್ಯಾರನ್ನೂ ಸರಪಳಿ ಹಾಕಿ ತಂದು ಮಾರತಿದ್ರು. ಜಂಜೀಬಾರದ ಗುಲಾಮರ ಸಂತಿ ಮುಚ್ಚಿದ್ದು 1873ರಾಗ.

ಹಂಗ ಮಾರಾಟಾದ ಒಬ್ಬ ಹುಡುಗನ ಕಥಿ ಹೇಳಲೇಬೇಕು. ಅವನ ಹೆಸರು ಸಿದಿ ಮುಬಾರಕ ಬಾಂಬೆ. ಸಣ್ಣಾಂವ ಇದ್ದಾಗ ಹಿಡದು ಮಾರಿದ್ರು. ಕೊಂಡವರು ಗುಜರಾತಕ್ಕ ತಂದ್ರು. ಇಲ್ಲೆ ಭಾಳ ವರ್ಷ ಇದ್ದಾ, ಹಿಂದೂಸ್ತಾನಿ ಮಾತಾಡಲಿಕ್ಕೆ ಕಲತಾ. ಧಣಿ ಸತ್ತ ಮ್ಯಾಲೆ ಬಿಡುಗಡಿ ಆಗಿ ಜಂಜೀಬಾರಕ್ಕ ತಿರಗಿ ಹೋದಾ. 1857ರಾಗ ಬರ್ಟನ್, ಸ್ಪೀಕ್ ಅನ್ನೋ ಇಬ್ಬರು ಇಂಗ್ಲೀಷ್ ಮಂದಿ ನೈಲ್ ನದಿಯ ಮೂಲ ಹುಡುಕ್ಲಿಕ್ಕೆ ಹೊಂಟಾಗ ಇವನ್ನ ಕರಕೊಂಡ್ರು. ಸ್ಪೀಕ್ ಭಾರತದಾಗ ಸೈನ್ಯದಾಗ ಇದ್ದಾಂವ, ಸ್ವಾಹಿಲಿ ಬರತಿದ್ದಿಲ್ಲ. ಅವನೂ ಬಾಂಬೆನೂ ಆಫ್ರಿಕಾದ ನಟ್ಟನಡುವ ಮಾತಾಡಿದ್ದು ನಮ್ಮ ಹಿಂದೂಸ್ತಾನಿಯೊಳಗ! 1871ರಾಗ ಲಿವಿಂಗ್‌ಸ್ಟನ್ನನ್ನ ಹುಡುಕ್ಲಿಕ್ಕೆ ಹೊಂಟ ಸ್ಟ್ಯಾನ್ಲಿಗೂ ಬಾಂಬೆನ ಬೇಕಾದಾ. ಆಮ್ಯಾಲೆ ಕ್ಯಾಮರೂನ್ ಅನ್ನಾಂವನ ಜೋಡಿ ಪೂರ್ವದ ಸಮುದ್ರದಿಂದ ಪಶ್ಚಿಮದ ಸಮುದ್ರದ ತನಕಾ ನಡದಾ. ಸಾಲಿ ಪುಸ್ತಕದಾಗ ‘ಕಂಡುಹಿಡಿದರು’ ಅಂತ ಬರ್ಟನ್, ಸ್ಪೀಕ್, ಸ್ಟ್ಯಾನ್ಲಿ ಹೆಸರು ಬಾಯಿಪಾಠ ಮಾಡೀವಿ. ಮೂರೂ ಮಂದಿ ಜೋಡಿ ನಡದಾಂವ ಬಾಂಬೆ. ಅವಗ 1876ರಾಗ ಲಂಡನ್ನಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿ ಒಂದು ಬೆಳ್ಳಿ ಪದಕಾ ಕೊಟ್ಟಿತು. ನಮ್ಮ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿಗಳನ್ನ ನೋಡೀರಲ್ಲಾ, ಅವರ ಹಿರಿಯರೂ ಹಿಂಗ ಆಫ್ರಿಕಾದಿಂದ ಸಮುದ್ರ ದಾಟಿ ಬಂದವರು. ಬಾಂಬೆ ತಿರಗಿ ಹೋದಾ, ಅವರು ಇಲ್ಲೆ ಉಳದ್ರು.

ಇನ್ನ ಆ ನೆಲದ ಮಾತು. ನಮಗ ಟೀವ್ಯಾಗ ತೋರಸೋ ಸೆರೆಂಗೆಟಿ ಅಂದ್ರ ಕಣ್ಣು ಹೋದಷ್ಟು ದೂರ ಬರೇ ಹುಲ್ಲು, ಬರೇ ಪ್ರಾಣಿ. ಒಂದ ಮನಿ ಇಲ್ಲ. ಅದು ದೇವರು ಮಾಡಿದಾಗಿಂದ ಹಂಗ ಅದ ಅನಸ್ತದ. ಹಂಗಲ್ಲ. 1887ರ ಸುಮಾರಿಗೆ ಹೊರಗಿಂದ ಬಂದ ದನಗಳ ಜೋಡಿ ದೊಡ್ಡರೋಗ ಆಫ್ರಿಕಾದ ಈಶಾನ್ಯದ ದಂಡಿಗೆ ಇಳೀತು. ಹಿಂದಕ ನಮ್ಮ ಕಡೆನೂ ದನದ ದೊಡ್ಡರೋಗ ಬಂದ್ರ ಹಕ್ಕಿ ಹಕ್ಕಿನ ಖಾಲಿ ಆಗ್ತಿದ್ದದ್ದನ್ನ ಹಿರಿಯರು ಹೇಳ್ತಿದ್ರು. ಅಲ್ಲೆ ಹತ್ತು ವರ್ಷದಾಗ ಅದು ಇಡೀ ಪೂರ್ವ ಆಫ್ರಿಕಾ ದಾಟಿ ದಕ್ಷಿಣದ ತುದಿ ಮುಟ್ಟಿತು. ಮಾಸಾಯಿ ಜನಕ್ಕ ದನಾನ ಎಲ್ಲಾ. ಹಾಲ ಅವರ ಊಟ, ದನಾನ ಅವರ ಗಂಟು. ಹತ್ತರಾಗ ಒಂಬತ್ತು ದನಾ ಸತ್ತು ಹೋದ್ವು ಅಂತ ಬರದಾರ. ಹಿಂದನ ಸಿಡುಬು, ಬರಗಾಲ. ಹಟ್ಟಿ ಹಟ್ಟಿನ ಬರಿದಾದ್ವು. ಅದ ಹೊತ್ತಿಗೆ ಬಂದ ಬಿಳೇ ಅಧಿಕಾರಿಗಳು ‘ಈ ನೆಲಾ ಖಾಲಿ ಅದ, ಯಾರದೂ ಅಲ್ಲ’ ಅಂತ ಬರಕೊಂಡ್ರು. ಸೂತಕದ ಮನಿ ಬಾಗಲಾ ಹಾಕಿದ್ದು ನೋಡಿ ಇದು ಹಾಳುಮನಿ ಅಂದಂಗ.

ಆ ಮ್ಯಾಲೆ ರೈಲು ಬಂತು. 1896ರಾಗ ಮೊಂಬಾಸಾದಿಂದ ಸುರು ಆಗಿ 1901ರಾಗ ವಿಕ್ಟೋರಿಯಾ ಸರೋವರ ಮುಟ್ಟಿತು. ಹಳಿ ಹಾಕಿದವರು ಭಾರತದಿಂದ, ಅದರಾಗೂ ಪಂಜಾಬದಿಂದ ಹೋದ ಸುಮಾರು 32,000 ಕೂಲಿಗೋಳು. ಎರಡೂವರಿ ಸಾವಿರದಷ್ಟು ಮಂದಿ ಅಲ್ಲೇ ತೀರಿಕೊಂಡ್ರು. 1898ರಾಗ ತ್ಸಾವೋ ಹೊಳಿ ಸೇತುವಿ ಕಟ್ಟೂ ಮುಂದ ಎರಡು ಗಂಡು ಸಿಂಹಾ ತಿಂಗಳಾನಗಟ್ಟಲೆ ರಾತ್ರಿ ಡೇರೆದೊಳಗ ನುಗ್ಗಿ ಮಂದಿನ್ನ ಎಳಕೊಂಡು ಹೋದ್ವು. ಅವನ್ನ ಹೊಡದ ಪ್ಯಾಟರ್ಸನ್ ಅನ್ನೋ ಎಂಜಿನಿಯರ್ ಮುಂದ ಪುಸ್ತಕ ಬರದು ಜಗತ್ಪ್ರಸಿದ್ಧ ಆದಾ. 28 ಮಂದಿ ಭಾರತದ ಕೂಲಿಗೋಳು ಸತ್ರು ಅಂತ ಬರದಾನ. ಸತ್ತ ಆಫ್ರಿಕಾದವರ ಲೆಕ್ಕಾನ ಯಾರೂ ಇಡಲಿಲ್ಲ ಅಂತನೂ ಅವನ ಬರದಾನ. ಆ ಸಿಂಹಗಳ ತೊಗಲಿಗೆ ಹುಲ್ಲು ತುಂಬಿದ ಹಂಗ ಮಾಡಿ ಇವತ್ತಿಗೂ ಶಿಕಾಗೋದ ಫೀಲ್ಡ್ ಮ್ಯೂಸಿಯಂದಾಗ ಇಟ್ಟಾರ. ಸಿಂಹಕ್ಕ ಕಪಾಟದ, ಸತ್ತವರಿಗೆ ಹೆಸರಿಲ್ಲ.

ಆ ಕೂಲಿಗಳ ಪೈಕಿ ಆರೇಳು ಸಾವಿರ ಮಂದಿ ಅಲ್ಲೇ ಉಳದ್ರು. ಗುಜರಾತಿ ಅಂಗಡಿಕಾರರು ಅವರ ಹಿಂದ ಹೋದ್ರು. ಅದಕ್ಕ ನೋಡ್ರಿ, ಇವತ್ತು ಸ್ವಾಹಿಲಿಯೊಳಗ ಅಂಗಡಿಗೆ ‘ದುಕಾ’ ಅಂತಾರ, ಚಪಾತಿಗೆ ‘ಚಪಾಟಿ’, ಚಾಕ್ಕ ‘ಚಾಯ್’. ಕೀನ್ಯಾದ ಹಳ್ಳಿ ಮನ್ಯಾಗೂ ಹಬ್ಬಕ್ಕ ಚಪಾತಿ ಲಟ್ಟಸ್ತಾರ. ರೈಲು ಹೋತು, ಚಪಾತಿ ಉಳೀತು.

ರೈಲು ಬಂದ ಮ್ಯಾಲೆ ಶ್ರೀಮಂತರ ಬ್ಯಾಟಿ ಸಫಾರಿ ಸುರು ಆತು. ಎಲ್ಲಾರಕಿಂತ ದೊಡ್ಡದು ಥಿಯೋಡೋರ್ ರೂಸ್‌ವೆಲ್ಟನದು. ಅಮೇರಿಕಾದ ಅಧ್ಯಕ್ಷಗಿರಿ ಮುಗದ ಕೂಡಲೇ 1909ರಾಗ ಮಗ ಕರ್ಮಿಟ್ಟನ್ನ ಕರಕೊಂಡು ಬಂದಾ. ಮ್ಯೂಸಿಯಂಗೆ ಪ್ರಾಣಿ ಬೇಕು ಅನ್ನೋದು ಕಾರಣ. ತೊಗಲು ಕೆಡಬಾರದು ಅಂತ ನಾಕು ಟನ್ ಉಪ್ಪು ತಂದಿದ್ರು. ನಾವು ಉಪ್ಪಿನಕಾಯಿಗೆ ಹಾಕೋ ಉಪ್ಪಿನ ಲೆಕ್ಕಾ ಎಲ್ಲಿ, ಇದೆಲ್ಲಿ! ಅಪ್ಪ ಮಗ ಇಬ್ಬರೂ ಸೇರಿ 512 ಪ್ರಾಣಿ ಹೊಡದ್ರು. ಹೊತ್ತವರು ಇನ್ನೂರಕ್ಕೂ ಹೆಚ್ಚು ಆಳುಗಳು. ಈಗ ಪ್ರವಾಸದ ಜಾಹೀರಾತಿನ್ಯಾಗ ‘ಬಿಗ್ ಫೈವ್’ ನೋಡ್ರಿ ಅಂತಾರಲ್ಲಾ, ಆನಿ, ಸಿಂಹ, ಚಿರತಿ, ಘೇಂಡಾಮೃಗ, ಕಾಡೆಮ್ಮಿ, ಅದು ಬ್ಯಾಟಿಗಾರರ ಪಟ್ಟಿ. ನೋಡಲಿಕ್ಕೆ ಛಂದ ಅಂತ ಅಲ್ಲ, ಕಾಲ್ನಡಿಗಿಲೆ ಹೋಗಿ ಹೊಡಿಯೂದು ಭಾಳ ಕಠಿಣ ಅಂತ. ಅದಕ್ಕ ಪಾಪ ಜಿರಾಫೆ ಅಷ್ಟೆತ್ತರ ಇದ್ರೂ ಆ ಪಟ್ಟಿಯೊಳಗಿಲ್ಲ.

ಹೊಡದು ಹೊಡದು ಪ್ರಾಣಿ ಕಡಿಮಿ ಆದ್ವು. ಆಗ ಕಾಯಬೇಕು ಅನ್ನೋ ಬುದ್ಧಿ ಬಂತು. ಆದ್ರ ಕಾಯೂದು ಅಂದ್ರ ಏನು ಮಾಡಿದ್ರು ನೋಡ್ರಿ. ದಕ್ಷಿಣ ಆಫ್ರಿಕಾದ ಸಾಬಿ ಅನ್ನೋ ಮೀಸಲು ಕಾಡಿಗೆ 1902ರಾಗ ಸ್ಟೀವನ್ಸನ್ ಹ್ಯಾಮಿಲ್ಟನ್ ಅನ್ನಾಂವ ಮೊದಲನೇ ವಾರ್ಡನ್ ಆದಾ. ಬಂದಾಂವನ ಒಳಗಿದ್ದ ಹಳ್ಳಿ ಮಂದಿನ್ನ ಹೊರಗ ಕಳಿಸಲಿಕ್ಕೆ ಹತ್ತಿದಾ. ಅಲ್ಲಿನವರು ಅವಗ ಇಟ್ಟ ಹೆಸರು ‘ಸ್ಕುಕುಜಾ’. ಅದರ ಅರ್ಥ ಪೂರಾ ಗುಡಿಸಿ ಹಾಕಾಂವ ಅಂತ. ನಾವು ಮುಂಜಾನೆದ್ದು ಅಂಗಳಾ ಗುಡಸ್ತೀವಿ, ಕಸಾ ಹೊರಗ ಚೆಲ್ಲತೀವಿ. ಅಂವ ಕಸಬರಗಿಲೆ ಮಂದಿನ್ನ ಗುಡಿಸಿದಾ. ಅದ ಕಾಡು ಬೆಳದು 1926ರಾಗ ಕ್ರೂಗರ್ ನ್ಯಾಷನಲ್ ಪಾರ್ಕ್ ಆತು. 1927ರಾಗ ಮೊದಲ ಸಲ ಪ್ರವಾಸಿಗಳಿಗೆ ಬಿಟ್ರು, ಆ ವರ್ಷ ಬಂದದ್ದು ಮೂರ ಕಾರು. ಈಗ ಅಲ್ಲಿನ ಎಲ್ಲಾರಕಿಂತ ದೊಡ್ಡ ಕ್ಯಾಂಪಿನ ಹೆಸರು ಏನು ಗೊತ್ತದನು? ಸ್ಕುಕುಜಾ. ನಾಷ್ಟಾ ಮಾಡಿ ಸೆಲ್ಫಿ ತಕ್ಕೊಳ್ಳೋ ಎಷ್ಟ ಮಂದಿಗೆ ಆ ಹೆಸರಿನ ಅರ್ಥ ಗೊತ್ತಿದ್ದೀತು?

ಪೂರ್ವ ಆಫ್ರಿಕಾದಾಗ ನೈರೋಬಿ ಪಾರ್ಕ್ 1946ರಾಗ, ತ್ಸಾವೋ 1948ರಾಗ, ಸೆರೆಂಗೆಟಿ 1951ರಾಗ ಆದ್ವು. ಸೆರೆಂಗೆಟಿ ಅನ್ನೋದು ಮಾಸಾಯಿ ಮಾತು, ಕೊನಿ ಇಲ್ಲದ ಬಯಲು ಅಂತ. ಹೆಸರಿಟ್ಟವರಿಗೆ ಅಲ್ಲೆ ಇರೂ ಹಕ್ಕು ಉಳೀಲಿಲ್ಲ. 1958ರಾಗ ಒಂದಿಷ್ಟು ಹಿರಿಯರ ಕಡಿಂದ ಕಾಗದಕ್ಕ ಒಪ್ಪಿಗಿ ಹಾಕಿಸಿಕೊಂಡು, 1959ರಾಗ ಅವರನ್ನ ಬಾಜೂದ ಎನ್‌ಗೊರೊಂಗೊರೊಕ್ಕ ಸರಿಸಿದ್ರು. ಅಲ್ಲೆ ನೀವೂ ಇರ್ರಿ, ನಿಮ್ಮ ದನಾನೂ ಇರಲಿ, ಕಾಡುಪ್ರಾಣಿನೂ ಇರಲಿ ಅಂತ ಮಾತು ಕೊಟ್ರು. ಒಂದು ಮಾತು ನೆನಪಿಡ್ರಿ, ಮಾಸಾಯಿಗಳೊಳಗ ಮನಿ ಕಟ್ಟೋರು ಹೆಣ್ಮಕ್ಕಳು. ಕಟಗಿ ನೆಟ್ಟು, ಮಣ್ಣು ಶಗಣಿ ಕಲಸಿ ಗ್ವಾಡಿಗೆ ಮೆತ್ತೋರು ಅವರ. ಹಿರಿಯ ಗಂಡಸರು ಹಾಕಿದ ಆ ಒಪ್ಪಿಗಿಯಿಂದ ಬಿಟ್ಟು ಬಂದ ಒಂದೊಂದು ಮನಿನೂ ಒಬ್ಬೊಬ್ಬ ಹೆಣ್ಮಗಳು ತನ್ನ ಕೈಯಿಂದ ಕಟ್ಟಿದ್ದು.

ಅದ ಹೊತ್ತಿಗೆ ಜರ್ಮನಿಯ ಬರ್ನ್‌ಹಾರ್ಡ್ ಗ್ರಿಜಿಮೆಕ್ ಮತ್ತ ಮಗ ಮೈಕೇಲ್ ಜೀಬ್ರಾದ ಪಟ್ಟಿ ಬಳದ ಸಣ್ಣ ವಿಮಾನದಾಗ ಕೂತು ಸೆರೆಂಗೆಟಿಯ ಪ್ರಾಣಿ ಎಣಿಸಿದ್ರು. 1959ರ ಜನೇವರಿಯೊಳಗ ಒಂದು ಹದ್ದಿಗೆ ಬಡದು ವಿಮಾನ ಬಿತ್ತು, ಮಗ ಹೋದಾ. ಎಳೇ ವಯಸ್ಸು. ಅವರು ಮಾಡಿದ ಸಿನೇಮಾಕ್ಕ ಆಸ್ಕರ್ ಬಂತು, ಜಗತ್ತಿನ ದುಡ್ಡು, ಕಾಳಜಿ ಎರಡೂ ಸೆರೆಂಗೆಟಿಗೆ ಹರದು ಬಂತು. ಆ ಅಪ್ಪನ ದುಃಖ, ಅವನ ಕೆಲಸಾ ಎರಡೂ ದೊಡ್ಡವ, ನಾ ಇಲ್ಲಾ ಅನ್ನೂದಿಲ್ಲ. ಆದ್ರ ಕಾಡಿನ್ಯಾಗ ಮನಷ್ಯಾರು ಇರಲೇಬಾರದು ಅನ್ನೋ ವಿಚಾರಾನೂ ಆ ಕಾಲದಾಗನ ಗಟ್ಟಿ ಆತು.

ಇದರಾಗ ಒಂದು ವಿಚಿತ್ರ ಅದ. ಈಗ ಲಕ್ಷಗಟ್ಟಲೆ ಪ್ರಾಣಿ ಹೊಳಿ ದಾಟೂದನ್ನ ನೋಡಲಿಕ್ಕೆ ಜನಾ ಹೋಗ್ತಾರಲ್ಲಾ, ವೈಲ್ಡ್‌ಬೀಸ್ಟ್ ಅಂತ, ಗಡ್ಡ ಇರೋ, ದನದ ಮಾರಿ ಇರೋ ದೊಡ್ಡ ಹುಲ್ಲೆ. 1960ರ ಸುಮಾರಿಗೆ ಅವು ಎರಡೂವರಿ ಲಕ್ಷ ಇದ್ವು. ಈಗ ಹದಿಮೂರು ಲಕ್ಷದ ಆಸುಪಾಸು. ಹೆಂಗ ಬೆಳದ್ವು? ಸುತ್ತಲಿನ ಹಟ್ಟಿಯ ದನಗಳಿಗೆ ದೊಡ್ಡರೋಗದ ಸೂಜಿ ಹಾಕಿದ್ರು. ದನದಾಗ ರೋಗ ನಿಂತದ್ದಕ್ಕ ಕಾಡಿನ್ಯಾಗೂ ನಿಂತಿತು. ದನದಿಂದ ಕಾಡು ಕೆಡ್ತದ ಅಂತ ಯಾರನ್ನ ಹೊರಗ ಹಾಕಿದ್ರೋ, ಅವರ ದನಾ ಸೂಜಿ ಚುಚ್ಚಿಸಿಕೊಂಡು ಕಾಡು ತುಂಬಿಸಿದ್ವು. 2011ರಾಗ ಈ ರೋಗ ಜಗತ್ತಿನಿಂದನ ಹೋತು ಅಂತ ಸಾರಿದ್ರು.

ಮುಂದ ಬಂದೂಕು ಹೋಗಿ ಕ್ಯಾಮೆರಾ ಬಂತು. ಕೀನ್ಯಾ 1977ರಾಗ ಬ್ಯಾಟಿ ಪೂರಾ ಬಂದ್ ಮಾಡಿತು. 1989ರಾಗ ಅಲ್ಲಿನ ಅಧ್ಯಕ್ಷ ಮೋಯಿ 12 ಟನ್ ಆನಿದಂತ ಒಟ್ಟಿ ಬೆಂಕಿ ಹಚ್ಚಿದ್ರು. ಅದ ವರ್ಷ ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕ ನಿಷೇಧ ಆತು. ನಮ್ಮ ದೇಶದಾಗೂ ಕಾಯ್ದೆ ಬಿಗಿ ಆಗಿ ದಂತದ ಬಳಿ ಹೋಗಿ ಪ್ಲಾಸ್ಟಿಕ್ಕಿನ ಬಳಿ ಬಂದ್ವು. ಮದವಿ ಏನೂ ನಿಲ್ಲಲಿಲ್ಲ.

ತಾಯಿ ಸತ್ತ ಆನಿಮರಿಗಳ ಮಾತು ಹೇಳದಿದ್ರ ನಿಮಗ ಸಮಾಧಾನ ಆಗೂದಿಲ್ಲ. ತ್ಸಾವೋದ ವಾರ್ಡನ್ನನ ಹೆಂಡತಿ ಡ್ಯಾಫ್ನಿ ಶೆಲ್ಡ್ರಿಕ್ ಅಂಥಾ ಮರಿಗಳನ್ನ ಸಾಕಲಿಕ್ಕೆ ಹೊಂಟ್ಲು. ಆಕಳ ಹಾಲು ಅವಕ್ಕ ಆಗಿ ಬರಲಿಲ್ಲ, ಒಂದೊಂದ ಸಾಯ್ತಿದ್ವು. ವರ್ಷಗಟ್ಟಲೆ ಒಂದೊಂದು ಪುಡಿ ಕಲಸಿ ನೋಡಿ ಕಡೀಕೆ ಆಕಿಗೆ ಗುಟ್ಟು ಸಿಕ್ಕಿತು: ಕೊಬ್ಬರಿ ಎಣ್ಣಿ! ಆನಿ ಹಾಲಿನ ಜಿಡ್ಡಿಗೆ ಹತ್ತರದ್ದು ಅದ. ಈಗ ನೈರೋಬಿಯೊಳಗ ಆಕಿ ಸುರು ಮಾಡಿದ ಆಶ್ರಯದಾಗ ಮರಿಗಳ ಬಾಜೂಕ ರಾತ್ರಿ ಮಲಗಿ, ಮೂರು ಮೂರು ತಾಸಿಗೆ ಎದ್ದು ಬಾಟಲಿ ಹಿಡಿಯೋರು ಅಲ್ಲಿನ ಹುಡುಗರು. ಬಾಣಂತನ ಮಾಡಿದ ನಮಗ ಆ ನಿದ್ದಿಗೇಡಿನ ಬೆಲಿ ಗೊತ್ತದ.

ಇವತ್ತಿನ ಗೈಡುಗಳೂ ಸುಮ್ಮನ ಆದವರಲ್ಲ. ಕೀನ್ಯಾದಾಗ ಅವರಿಗೆ ಕಂಚು, ಬೆಳ್ಳಿ, ಬಂಗಾರ ಅಂತ ಮೂರು ಮಟ್ಟದ ಪರೀಕ್ಷಾ ಅವ. ಹಕ್ಕಿ ಹೆಸರು, ಗಿಡದ ಹೆಸರು, ಹೆಜ್ಜಿ ಗುರುತು, ಪ್ರಥಮ ಚಿಕಿತ್ಸಾ ಎಲ್ಲಾ ಓದಬೇಕು. ಮಾಸಾಯಿ ಮಾರಾದ ಸುತ್ತಲೂ ಮಾಸಾಯಿಗಳು ತಮ್ಮ ಜಮೀನು ಒಟ್ಟುಗೂಡಿಸಿ ಪ್ರಾಣಿಗಳಿಗೆ ಬಿಟ್ಟು ಪ್ರವಾಸದ ಕಂಪನಿಗಳಿಂದ ಬಾಡಿಗಿ ತಗೋತಾರ. ಗುಡಿಸಿ ಹಾಕೂದರಕಿಂತ ಇದು ಎಷ್ಟೋ ಛಲೋ. ಆದ್ರ ಪಹಣಿ ಭಾಳಷ್ಟು ಗಂಡಸರ ಹೆಸರಿಲೆ ಇರೂದರಿಂದ ಬಾಡಿಗಿನೂ ಅವರ ಖಾತೆಕ್ಕ ಹೋಗ್ತದ. ಹೆಣ್ಮಕ್ಕಳಿಗೆ ಉಳಿಯೂದು ಮಣಿಸರ ಪೋಣಿಸಿ ಪ್ರವಾಸಿಗಳಿಗೆ ಮಾರಿದ ರೊಕ್ಕ. ಅದನ್ನ ಚೌಕಾಶಿ ಮಾಡಿ ಅರ್ಧಕ್ಕ ಇಳಸಬ್ಯಾಡ್ರಿ ಅಂತ ಹೋಗೋರಿಗೆ ಹೇಳ್ರಿ.

ಕಥಿ ಮುಗದಿಲ್ಲ. 1959ರಾಗ ಇಲ್ಲೆ ಇರ್ರಿ ಅಂತ ಕಳಿಸಿದ್ರಲ್ಲಾ, ಆ ಎನ್‌ಗೊರೊಂಗೊರೊದಾಗ 1975ರಾಗ ಬೆಳಿ ಬೆಳಿಯೂದು ಬಂದ್ ಮಾಡಿದ್ರು. ಈಗ ಮಂದಿ, ದನಾ ಎರಡೂ ಹೆಚ್ಚಾಗ್ಯಾವ, ಕಾಡಿಗೆ ಭಾರ ಆಗ್ತದ ಅಂತ ಟಾಂಜಾನಿಯಾ ಸರಕಾರ 2022ರಿಂದ ದೂರದ ಎಂಸೊಮೆರಾ ಅನ್ನೋ ಊರಾಗ ಮನಿ ಕಟ್ಟಿಸಿ ಅಲ್ಲಿಗೆ ಕಳಸಲಿಕ್ಕೆ ಹತ್ತದ. ತಾವ ಖುಷಿಲೆ ಹೋಗ್ಲಿಕ್ಕೆ ಹತ್ಯಾರ ಅಂತ ಸರಕಾರ ಹೇಳ್ತದ. ಸಾಲಿ, ದವಾಖಾನಿ ಸೌಲಭ್ಯ ಕಡಿಮಿ ಮಾಡಿ ನಮ್ಮನ್ನ ಏಳೂ ಹಂಗ ಮಾಡ್ಯಾರ ಅಂತ ಮಾಸಾಯಿಗಳು ಹೇಳ್ತಾರ. ಸರಕಾರ ಮಾತಾಡೂ ಲೆಕ್ಕಾನೂ ಪೂರಾ ಸುಳ್ಳಲ್ಲ, ಮಂದಿ ಖರೇನ ಹೆಚ್ಚಾಗ್ಯಾರ. ಆದ್ರ ಪ್ರವಾಸಿಗಳ ಲಾಜು, ಗಾಡಿ ಸಾಲು ಹೆಚ್ಚಾದ್ರ ಕಾಡಿಗೆ ಭಾರ ಆಗೂದಿಲ್ಲನು ಅಂತ ಅವರು ಕೇಳೋ ಪ್ರಶ್ನಿಗೂ ಉತ್ತರ ಬೇಕಲ್ಲಾ.

ಇದು ಬರೇ ಅಲ್ಲಿನ ಕಥಿ ಅಂತ ಅಂದ್ಕೋಬ್ಯಾಡ್ರಿ. ನಾಗರಹೊಳಿಯೊಳಗ ನಾವು ಸಫಾರಿ ಬಸ್ಸಿನ್ಯಾಗ ಕೂತು ಹುಲಿ ಹುಡುಕೋ ಕಾಡಿನ್ಯಾಗ ಜೇನುಕುರುಬರ ಹಾಡಿ ಇದ್ವು. ಅವರನ್ನೂ ಹಿಂಗ ಹೊರಗ ತಂದಾರ, ತಿರಗಿ ಹೋಗ್ತೀವಿ ಅಂತ ಅವರು ಇನ್ನೂ ಕೇಳ್ಲಿಕ್ಕೆ ಹತ್ಯಾರ. ಹುಲಿ, ಸಿಂಹಾ ಉಳೀಬೇಕು, ಅದರಾಗ ಎರಡು ಮಾತಿಲ್ಲ. ಉಳಸೂ ಖರ್ಚು ಯಾವಾಗಲೂ ಬಡವರ ಪಾಲಿಗೆ ಯಾಕ ಬರ್ತದ ಅನ್ನೋದು ನನ್ನ ಪ್ರಶ್ನಿ.

ನಿಮ್ಮ ಮಕ್ಕಳು ಮೊಮ್ಮಕ್ಕಳು ಯಾರರ ಹೊಂಟ್ರ ಟೋಪಿ, ಔಷಧಾ, ಚಟ್ನಿಪುಡಿ ಕಟ್ಟೂ ಮುಂದ ಇದನ್ನೂ ಹೇಳಿ ಕಳಸ್ರಿ. ಗೈಡಿನ ಹೆಸರು ಕೇಳ್ಕೊಳ್ರಿ, ಅವನ ಊರು ಯಾವುದು ಕೇಳ್ರಿ, ಈ ಪಾರ್ಕ್ ಆಗೂಕಿಂತ ಮೊದಲ ಇಲ್ಲೆ ಯಾರು ಇರ್ತಿದ್ರು ಅಂತ ಕೇಳ್ರಿ. ಅಂವ ಹೇಳಿದ್ದನ್ನ ತಿರಗಿ ಬಂದು ನಮಗೂ ಹೇಳ್ರಿ. ಸಫಾರಿ ನ್ಜೆಮಾ.